ಒಡೆದ ಬಳೆ, ಹಿಗ್ಗಿದ ಬಳೆ

ನನ್ನ ಕೈಕೆಲಸ ನೋಡಿದ ಈಗಿನವರು ಅದಕ್ಕೆ ಕಲೆ ಅನ್ನುತ್ತಾರೆ. ಕಲೆಯಂತೆ ಕಲೆ! ನಮ್ಮ ಮಾತಿನಲ್ಲಿ ಬಟ್ಟೆಗೆ ಹತ್ತಿ ಅಗಸ ಎಷ್ಟು ಬಡಿದರೂ ಹೋಗದ ಹೊಲಸಿಗೂ ಕಲೆ ಅಂತಲೇ ಹೆಸರು. ನನಗೆ ಹತ್ತಿದ್ದು ಯಾವುದು ಅಂತ ಇದನ್ನು ಓದಿದವರೇ ಹೇಳಬೇಕು. ನಾನು ಹೇಳುತ್ತ ಹೋಗುತ್ತೇನೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ. ಸಾಲಿ ಕಲಿತವಳು, ನನ್ನ ಮಾತನ್ನು ಪುಸ್ತಕದ ಮಾತಿಗೆ ತಿದ್ದುತ್ತಾಳಂತೆ. ತಿದ್ದಲಿ. ಓದಿ ನೋಡಿ ಜಗಳ ತೆಗೆಯೋಣವೆಂದರೆ ನನಗೆ ಓದು ಬರುವುದಿಲ್ಲ.

ನಾವು ಇಳಕಲ್ಲಿನ ಬಳೆಗಾರರು. ಮುಸಲ್ಮಾನರ ಮನೆ, ಆದರೆ ನಮ್ಮ ಒಲೆ ಉರಿಯುತ್ತಿದ್ದದ್ದು ಊರಿನ ಹಿಂದೂ ಹೆಂಗಸರ ಕೈಗಳಿಂದ. ನಮ್ಮ ಮನೆಯವರು ಬಾಗಲಕೋಟೆಗೆ ಹೋಗಿ, ರೈಲಿನಿಂದ ಇಳಿದ ಗಾಜಿನ ಬಳೆಯ ಪೆಟ್ಟಿಗೆಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬರುತ್ತಿದ್ದರು. ಅಮೀನಗಡದಲ್ಲಿ ಒಂದು ವಸ್ತಿ, ಹುನಗುಂದದಲ್ಲಿ ಎತ್ತಿಗೆ ನೀರು, ಆಮೇಲೆ ಇಳಕಲ್ಲು. ದಾರಿಯೋ, ದೇವರಿಗೇ ಪ್ರೀತಿ. ಎಷ್ಟು ಹುಲ್ಲು ತುರುಕಿದರೂ ಪ್ರತಿ ಪೆಟ್ಟಿಗೆಯಲ್ಲಿ ಎರಡು ಮೊರದಷ್ಟು ಬಳೆ ಚೂರಾಗಿಯೇ ಬರುತ್ತಿದ್ದವು. ಉಳಿದದ್ದನ್ನು ನಾನು ಹಗ್ಗಕ್ಕೆ ಪೋಣಿಸಿ ಮಲಾರ ಕಟ್ಟಿ ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋಗಿ ತೊಡಿಸುತ್ತಿದ್ದೆ.

ಬಳೆಯ ವಿಷಯದಲ್ಲಿ ಮಾತಿನದೊಂದು ಕಟ್ಟಳೆಯಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುತ್ತೈದೆಯ ಕೈಯಲ್ಲಿ ಬಳೆ ಚೂರಾದರೆ ಒಡೆಯಿತು ಅನ್ನಬಾರದು, ಹಿಗ್ಗಿತು ಅನ್ನಬೇಕು. ಒಡೆಯುವುದು ಗಂಡ ಸತ್ತಾಗ. ಆ ಮಾತನ್ನು ಆ ಕೆಲಸಕ್ಕೆಂದೇ ತೆಗೆದಿಟ್ಟಿದ್ದಾರೆ. ಆದರೆ ಬಳೆಗಾರರ ಮನೆಯೊಳಗೆ, ಪೆಟ್ಟಿಗೆಯಲ್ಲೇ ಚೂರಾದ ಮಾಲಿಗೆ ನಾವು ಒಡಕು, ಒಡೆದದ್ದು ಅಂತಲೇ ಅನ್ನುತ್ತೇವೆ. ಯಾರ ಕೈಗೂ ಏರದ ಬಳೆ ಅದು, ಅದಕ್ಕೆಲ್ಲಿಯ ಶುಭ, ಎಲ್ಲಿಯ ಅಶುಭ? ನಾನು ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ಕೂಡಿಸಿಕೊಂಡು ಹೇಳಿದ್ದರು, ಮನೆಯ ಮಾತು ಮನೆಯಲ್ಲಿ, ಗಿರಾಕಿಯ ಹೊಸ್ತಿಲು ದಾಟಿದ ಮೇಲೆ ಆ ಮಾತನ್ನು ನುಂಗಿಬಿಡು ಅಂತ. ಹದಿನೈದು ವರ್ಷ ನುಂಗಿದೆ. ಒಂದು ದಿನ ನುಂಗಲಿಲ್ಲ.

ಅತ್ತೆ ಆ ಚೂರುಗಳನ್ನೆಲ್ಲ ಹಿತ್ತಲ ಗುಂಡಿಗೆ ಸುರಿಸುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಬಿಸಿಲು ಬಿದ್ದಾಗ ಆ ಗುಂಡಿಯನ್ನು ನೋಡಬೇಕಿತ್ತು ನೀವು, ಹಸಿರು, ಕೆಂಪು, ಸೊಪ್ಪಿನ ಬಣ್ಣ, ಜೇನಿನ ಬಣ್ಣ. ಒಮ್ಮೆ ಬಡಿಗರ ಓಣಿಯಿಂದ ತೊಟ್ಟಿಲಿಗೆ ಬಣ್ಣ ಕೂರಿಸಿ ಮಿಕ್ಕ ಅರಗಿನ ತುಂಡು ಕೇಳಿ ತಂದೆ. ಕೆಂಡದ ಮೇಲೆ ಅದನ್ನು ಮೆತ್ತಗೆ ಮಾಡಿ, ಚಿಮಣಿ ಎಣ್ಣೆಯ ಹಳೆಯ ಡಬ್ಬಿಯ ತಗಡು ಕತ್ತರಿಸಿ, ತಗಡಿನ ಮೇಲೆ ಅರಗು ಹಚ್ಚಿ, ಅರಗಿನಲ್ಲಿ ಚೂರು ಕೂರಿಸುತ್ತ ಹೋದೆ. ಒಂದು ಗಿಣಿಯಾಯಿತು. ಗಿಣಿಯೆಂದು ಗುರುತು ಹತ್ತುವಷ್ಟು ಆಯಿತು. ಆಮೇಲೆ ನನ್ನನ್ನು ಯಾರಿಂದಲೂ ಹಿಡಿಯಲಾಗಲಿಲ್ಲ. ಎತ್ತು, ಕುದುರೆ, ಗರಿ ಬಿಚ್ಚಿದ ನವಿಲು. ನವಿಲಿಗೆ ಮಗ್ಗದ ಮುರಿದ ಫಣಿಯ, ಅಂದರೆ ಎಳೆ ಹಾಯುವ ಬಾಚಣಿಗೆಯ, ಕಡ್ಡಿ ಕಾಲಾಯಿತು. ಜೀವದ ಆಕಾರ ಮಾಡಿದವರಿಗೆ ಕಯಾಮತ್ತಿನ ದಿನ, ಕೊನೆಯ ತೀರ್ಪಿನ ದಿನ, ಅದಕ್ಕೆ ಉಸಿರು ಕೊಡು ಅಂತ ಕೇಳುತ್ತಾರೆ ಎಂದು ಅತ್ತೆ ಹೆದರಿಸಿದರು. ಕೇಳಲಿ, ಆಗ ನೋಡಿಕೊಳ್ಳುತ್ತೇನೆ ಅಂದೆ. ಬಾಯಿ ಮೊದಲಿನಿಂದಲೂ ಜೋರು ನನ್ನದು. ಆದರೂ ಅತ್ತೆಯ ಮಾತು ಮನಸ್ಸಿಗೆ ಕೊರೆಯಿತೋ ಏನೋ, ಬರಬರುತ್ತ ಒಡವೆಗಳ ಕಡೆಗೆ ಹೆಚ್ಚು ಕೈಹಾಕಿದೆ. ತೋಳಬಂದಿ, ಕೊರಳ ಸರ, ಜಡೆಬಿಲ್ಲೆ. ಮಾಡಿದ್ದನ್ನು ಗೋಡೆಯ ಗೂಡಿನಲ್ಲಿ ಸಾಲಾಗಿ ಇಡುತ್ತಿದ್ದೆ. ಮನೆಗೆ ಬಂದವರು ನೋಡಿ, ಪುರಸತ್ತು ಭಾಳ ಐತಿ ನಿನಗ, ಅನ್ನುತ್ತಿದ್ದರು. ಚಂದ ಐತಿ ಅಂದವರು ಬೆರಳೆಣಿಕೆ.

ಆ ಬೆರಳೆಣಿಕೆಯವರಲ್ಲಿ ಮೊದಲನೆಯವಳು ಎದುರುಮನೆಯ ನೇಕಾರರ ಹುಡುಗಿ. ಅವಳು ಕೂಸಾಗಿದ್ದಾಗಿನಿಂದ ನನ್ನ ಮಡಿಲಲ್ಲೇ ಆಡಿದವಳು, ಚಿಗವ್ವ ಅನ್ನುತ್ತಿದ್ದಳು. ಮಗ್ಗದ ಕೆಳಗೆ ಬಿದ್ದ ರೇಷ್ಮೆ ಎಳೆಯ ತುಂಡುಗಳನ್ನು ಆರಿಸಿ ಗಂಟುಕಟ್ಟಿ ನನಗೆ ತಂದುಕೊಡುವಳು. ಸೆರಗಿಗೆ ಹಾಕಿ ಉಳಿದ ಕೆಂಪು ರೇಷ್ಮೆ, ಸರ ಪೋಣಿಸಲು ಅದರಷ್ಟು ಗಟ್ಟಿ ಮತ್ತೊಂದಿಲ್ಲ. ಇಲ್ಲಿ ಹಳದಿ ಇಡು ಚಿಗವ್ವ, ಅಲ್ಲಿ ಹಸಿರು ಸಾಕು, ಅಂತ ಹೇಳುವಳು. ಹತ್ತಕ್ಕೆ ಎಂಟು ಸಲ ಅವಳು ಹೇಳಿದ್ದೇ ಸರಿಯಿರುತ್ತಿತ್ತು.

ಪ್ಲೇಗು ಬಂದು ಊರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ವರ್ಷ ಅವಳ ಅಪ್ಪ ತೀರಿಕೊಂಡ. ಅವಳ ಅವ್ವನ ಬಳೆ ಒಡೆದರು. ಆ ಮಾತನ್ನು ಅದರ ಜಾಗದಲ್ಲೇ ಆಡುತ್ತಿದ್ದೇನೆ. ಮರುವರ್ಷ ಹುಡುಗಿಗೆ ಬಾದಾಮಿಯಿಂದ ಸಂಬಂಧ ಬಂತು. ಅವರೂ ನೇಕಾರರೇ. ಹುಡುಗ ಕೆಲಸದವನು, ಕುಡಿತ ಇಲ್ಲ, ಮನೆಯಲ್ಲಿ ಮೂರು ಮಗ್ಗ. ತಂದೆಯಿಲ್ಲದ ಹುಡುಗಿಗೆ ಇದಕ್ಕಿಂತ ಒಳ್ಳೆಯದು ಎಲ್ಲಿ ಬಂದೀತು? ಬಂಗಾರ ಕೇಳುವುದಿಲ್ಲ, ಆದರೆ ಹುಡುಗಿ ಬೋಳು ಮೈಯಲ್ಲಿ ಬರಬಾರದು, ನಾಲ್ಕು ಜನ ನೋಡುತ್ತಾರೆ ಅಂತ ಮಾತ್ರ ಅವರು ಹೇಳಿಕಳಿಸಿದ್ದರು. ಇದ್ದ ಒಡವೆಯೆಲ್ಲ ಪ್ಲೇಗಿನ ವರ್ಷವೇ ಹೊಟ್ಟೆಗೆ ಹೋಗಿತ್ತು. ಅವ್ವ ನನ್ನ ಬಾಗಿಲಿಗೆ ಬಂದು ನಿಂತಳು. ಕೇಳಬೇಕಾಗಲಿಲ್ಲ, ನಾನೇ ಅಂದೆ, ನನಗೆ ಬಿಡು ಅಕ್ಕಾ, ನಿನ್ನ ಮಗಳನ್ನು ನಾನು ಸಿಂಗರಿಸುತ್ತೇನೆ ಅಂತ.

ನಾಲ್ಕು ತಿಂಗಳು ಕೂತೆ. ಬೆಳಿಗ್ಗೆ ಮಲಾರ ಹೊತ್ತು ತಿರುಗುವುದು, ಮಧ್ಯಾಹ್ನ ಊಟವಾದ ಮೇಲೆ ಕೆಂಡದ ಮುಂದೆ ಕೂಡುವುದು. ಅರಗು ಚರ್ಮಕ್ಕೆ ಹತ್ತಿದರೆ ಚರ್ಮ ಸಮೇತವೇ ಬರುತ್ತದೆ. ಈಗಲೂ ನನ್ನ ಎಡಗೈ ಬೆರಳು ನೋಡಿ, ಗೊತ್ತಾಗುತ್ತದೆ. ಎರಡು ತೋಳಿಗೆ ಎರಡು ತೋಳಬಂದಿ, ಹಸಿರಿನ ನಡುವೆ ಕೆಂಪು ಚೂರಿನ ಬಳ್ಳಿ. ಕೊರಳಿಗೆ ಮೂರೆಳೆಯ ಸರ, ಒಂದೊಂದು ಚೂರನ್ನೂ ಕಲ್ಲಿನ ಮೇಲೆ ತಿಕ್ಕಿ ದುಂಡಗೆ ಮಾಡಿದ್ದು. ಜಡೆಗೆ ಬಿಲ್ಲೆ, ಅದರ ಮೇಲೆ ಹೆಬ್ಬೆರಳಷ್ಟು ನವಿಲು. ಅಷ್ಟು ಚಂದದ ಕೆಲಸ ಅದಕ್ಕೂ ಮೊದಲು ನಾನು ಮಾಡಿರಲಿಲ್ಲ. ಆಮೇಲೂ ಮಾಡಲಿಲ್ಲ. ನಾನು ಹೇಳುವುದರಲ್ಲಿ ಜಂಬವಿದೆ ಅನ್ನಿಸಿದರೆ ಅನ್ನಿಸಲಿ, ಈ ಜಂಬವೇ ಮುಂದಿನದನ್ನೆಲ್ಲ ಮಾಡಿದ್ದು.

ನಿಶ್ಚಯದ ದಿನ ಬಾದಾಮಿಯವರು ಎರಡು ಚಕ್ಕಡಿಯಲ್ಲಿ ಬಂದರು. ಅವರು ಬರುವ ಮೊದಲೇ ಹುಡುಗಿಯ ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ವಿಧವೆ, ಶುಭಕಾರ್ಯದಲ್ಲಿ ಮುಂದೆ ಬರುವಂತಿಲ್ಲ. ಹೊರಗೆ ನಡೆಯುವುದನ್ನೆಲ್ಲ ಅವಳು ಬಾಗಿಲ ಸಂದಿನಿಂದ ನೋಡಬೇಕು.

"ಬೂಬವ್ವ, ನಿನ್ನ ಕಾಲ ಹಿಡೀತೇನಿ," ಅಂದಳು. "ಎಲ್ಲೀವು ಅಂತ ಕೇಳಿದ್ರ ಬಾಗಲಕೋಟಿ ಪ್ಯಾಟ್ಯಾಗ ತಂದೀವಿ ಅನ್ನು. ಕಸಾ ಆರಿಸಿ ಮಾಡಿದ್ದು ಅಂತ ಗೊತ್ತಾದ್ರ ನಮ್ಮ ಮಾನ ಉಳಿಯೂದಿಲ್ಲ."

ಆಗಲಿ ಅಂದೆ. ಆದರೆ ಕಸ ಅನ್ನುವ ಮಾತನ್ನು ಹೊತ್ತುಕೊಂಡೇ ಹೊರಗೆ ಬಂದೆ. ನಾಲ್ಕು ತಿಂಗಳು ಬೆರಳು ಸುಟ್ಟುಕೊಂಡು ಮಾಡಿದ ಕೆಲಸ ಇವಳಿಗೂ ಕಸವೇ.

ಹುಡುಗಿಯನ್ನು ಕರೆತಂದು ಮಣೆಯ ಮೇಲೆ ಕೂರಿಸಿದರು. ಇಳಕಲ್ಲಿನ ಸೀರೆ, ಮೈಮೇಲೆ ನನ್ನ ಒಡವೆ. ಹೊರಗಿನ ಬಿಸಿಲು ಬಾಗಿಲಿನಿಂದ ಬಂದು ತೋಳಿನ ಮೇಲೆ ಬಿದ್ದಿತ್ತು. ಬಂದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗನ ಸೋದರತ್ತೆ ಹಿರಿಯಳು, ಅವಳ ಮಾತಿಗೆ ಆ ಮನೆಯಲ್ಲಿ ಎದುರಿಲ್ಲ ಅಂತ ಮೊದಲೇ ಕೇಳಿದ್ದೆವು. ಅವಳು ತೋಳಬಂದಿಯನ್ನು ಬೆರಳಿನಿಂದ ಸವರಿ ನೋಡಿದಳು. ಉಡಿ ತುಂಬುವುದನ್ನೂ ಮರೆತು ಕೂತಳು. ಇದು ನಮ್ಮ ಕಡೆಯವರ ಕೈಯಿಂದ ಆಗುವ ಕೆಲಸವಲ್ಲ, ಯಾವ ಊರಿನದು ಅಂತ ಕೇಳಿದಳು.

ಒಡವೆ ತಂದುಕೊಟ್ಟ ಬಳೆಗಾರತಿ ಈಕೆ ಅಂತ ಎಲ್ಲರೂ ನನ್ನ ಕಡೆ ನೋಡಿದರು. ಬಾಗಲಕೋಟೆಯ ಪೇಟೆಯದು ಅಂದೆ. ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಮಾಡಿದವನು ಯಾರು, ನಿನಗೆ ಗೊತ್ತೇ ಅಂತ ಮತ್ತೆ ಕೇಳಿದಳು. ಗೊತ್ತಿಲ್ಲ ಅಂದೆ. ಅವಳು ನಕ್ಕಳು. ಕೆಟ್ಟ ನಗೆಯಲ್ಲ ಅದು, ಈಗ ಯೋಚಿಸಿದರೆ ಒಳ್ಳೆಯ ನಗೆಯೇ.

"ಮಾರಾವ್ರಿಗೆ ಏನ ಗೊತ್ತಿರತೈತಿ ಬಿಡು," ಅಂದಳು. "ಮಾಡಾವ್ರ ಕೈ ಬ್ಯಾರೇನ ಇರತಾವ."

ಅದೇ. ಅಷ್ಟೇ ಮಾತು. ಮೈಯೆಲ್ಲ ಉರಿದು ಹೋಯಿತು. ಹದಿನೈದು ವರ್ಷದಿಂದ ಮಾರುವವಳು ಮಾರುವವಳು ಅಂತ ಕರೆಸಿಕೊಂಡಿದ್ದೆ, ಅಡುಗೆಮನೆಯಲ್ಲಿ ಕಸ ಅನ್ನಿಸಿಕೊಂಡು ಬಂದಿದ್ದೆ. ಈಗ ನನ್ನ ಕೈಯನ್ನೇ ನನ್ನ ಮುಂದೆ ಬೇರೆಯವನಿಗೆ ಕೊಡುತ್ತಿದ್ದಾಳೆ. ಎರಡೂ ಕೈ ಅವಳ ಮುಂದೆ ಚಾಚಿದೆ.

"ಮಾಡಿದ ಕೈ ಇವ ನೋಡ್ರಿ," ಅಂದೆ. "ನಾಕ ತಿಂಗಳ ಕುಂತ ಮಾಡೀನಿ. ಎಲ್ಲಾ ಒಡದ ಬಳೀಲೆ ಮಾಡಿದ್ದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನಗೆ ಏನಾಯಿತೆಂದು ತಕ್ಷಣ ಗೊತ್ತಾಗಲೇ ಇಲ್ಲ. ನಾನು ನನ್ನ ಮನೆಯ ಮಾತಾಡಿದ್ದೆ, ಪೆಟ್ಟಿಗೆಯ ಮಾತು, ಹಿತ್ತಲ ಗುಂಡಿಯ ಮಾತು. ಅವರು ಕೇಳಿಸಿಕೊಂಡದ್ದು ಅವರ ಮನೆಯ ಮಾತಾಗಿ. ಸೋದರತ್ತೆಯ ಬೆರಳು ತೋಳಬಂದಿಯ ಮೇಲಿದ್ದದ್ದು ಹಿಂದಕ್ಕೆ ಬಂತು.

"ಒಡದ ಬಳಿ?" ಅಂದಳು. "ಯಾರ ಕೈಯಾನವು?"

ಅವಳು ಕೇಳಿದ್ದು ನನ್ನನ್ನು, ನೋಡಿದ್ದು ಅಡುಗೆಮನೆಯ ಬಾಗಿಲನ್ನು. ಅಲ್ಲಿ ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಅವ್ವನ ಕೈ ಮಾತ್ರ ಕಾಣುತ್ತಿತ್ತು. ಬಳೆಯಿಲ್ಲದ ಬರಿ ಕೈ. ಕೂತಿದ್ದ ಹೆಂಗಸರೆಲ್ಲ ಆ ಕೈ ನೋಡಿದರು, ಆಮೇಲೆ ಹುಡುಗಿಯ ಮೈಮೇಲಿನ ಒಡವೆ ನೋಡಿದರು. ಅವ್ವನ ಕೈಯಿಂದ ಒಡೆದ ಬಳೆಯನ್ನು ಮಗಳ ಕೊರಳಿಗೆ ಕಟ್ಟಿದ್ದಾರೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೇ ಬೀಳಲಿಲ್ಲ.

ಆಗ ನನಗೆ ಹೊಳೆಯಿತು. ಹೊಳೆದ ಮೇಲಾದರೂ ಬಾಯಿ ಮುಚ್ಚಿಕೊಳ್ಳಬೇಕಿತ್ತಲ್ಲ? ಇಲ್ಲ. ಅಯ್ಯೋ ಹಂಗಲ್ಲರೀ, ಪೆಟ್ಟಿಗೆಯಲ್ಲಿ ಒಡೆದದ್ದು, ದಾರಿಯಲ್ಲಿ ಒಡೆದದ್ದು, ಯಾರ ಕೈಗೂ ಹಾಕಿದ್ದಲ್ಲ ಅಂತ ಹೇಳುತ್ತ ಹೋದೆ. ಒಂದೊಂದು ಸಲ ಹೇಳಿದಾಗಲೂ ಆ ಕೆಟ್ಟ ಮಾತನ್ನೇ ಮತ್ತೆ ಅಲ್ಲಿ ಇಡುತ್ತಿದ್ದೆ. ಮೊದಲು ಪೇಟೆಯದು ಅಂದವಳು, ಆಮೇಲೆ ಗೊತ್ತಿಲ್ಲ ಅಂದವಳು, ಆಮೇಲೆ ನಾನೇ ಮಾಡಿದ್ದು ಅಂದವಳು. ಇನ್ನು ನಾನು ಕುರಾನಿನ ಮೇಲೆ ಕೈಯಿಟ್ಟು ಹೇಳಿದ್ದರೂ ಯಾರು ನಂಬುತ್ತಿದ್ದರು? ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಸೋದರತ್ತೆ ಎದ್ದಳು. ಬೈಯಲಿಲ್ಲ, ಕೂಗಾಡಲಿಲ್ಲ. ತಂದಿದ್ದ ತೆಂಗಿನಕಾಯಿ, ಕುಬಸದ ಖಣ ಮತ್ತೆ ಚೀಲಕ್ಕೆ ಹಾಕಿಕೊಂಡಳು. ಹೋಳಿಗೆ ಬೇಯುತ್ತಿದ್ದ ಮನೆಯಿಂದ ನೀರು ಸಹ ಕುಡಿಯದೆ ಎದ್ದು ಹೋದರು. ಹುಡುಗ ಹೊರಗೆ ಕಟ್ಟೆಯ ಮೇಲೆ ಗಂಡಸರ ಜೊತೆ ಕೂತಿದ್ದ. ಏನಾಯಿತೆಂದು ಅವನಿಗೆ ತಿಳಿಯುವುದರೊಳಗೆ ಎತ್ತು ಹೂಡಿದ್ದರು. ಚಕ್ಕಡಿ ಏರುವಾಗ ಅವನು ಒಂದು ಸಲ ತಿರುಗಿ ನೋಡಿದ ಅಂತ ನೋಡಿದವರು ಹೇಳಿದರು. ನಾನು ನೋಡಲಿಲ್ಲ.

ಮಾತು ಚಕ್ಕಡಿಗಿಂತ ಜೋರಾಗಿ ಓಡುತ್ತದೆ. ಅವರು ಬಾದಾಮಿ ಮುಟ್ಟುವ ಮೊದಲೇ ಹುನಗುಂದದಲ್ಲಿ ಸುದ್ದಿಯಾಗಿತ್ತು. ಎಂಟು ದಿನ ಬಿಟ್ಟು ಮಧ್ಯಸ್ಥಿಕೆಯವನು ಬಂದು ಬೇಡವಂತೆ ಅಂತ ಹೇಳಿ ಹೋದ. ಅಷ್ಟೂ ದಿನ ಅವ್ವ, ಇಲ್ಲ, ತಿಳಿಸಿ ಹೇಳಿದರೆ ತಿಳಿದಾರು ಅಂತ ಕಾದಿದ್ದಳು. ನಾನೂ ಕಾದಿದ್ದೆ. ನಮ್ಮ ಮನೆಯವರನ್ನು ಬಾದಾಮಿಗೆ ಕಳಿಸಿದ್ದೆ, ಪೆಟ್ಟಿಗೆ, ಹುಲ್ಲು, ಚೂರು ಎಲ್ಲ ಕಟ್ಟಿಕೊಟ್ಟು ತೋರಿಸಿ ಬರ್ರಿ ಅಂತ. ಅವರನ್ನು ಅಂಗಳದಿಂದಲೇ ಕಳಿಸಿದರಂತೆ. ಹಿಂದಕ್ಕೆ ಬರುವ ದಾರಿಯಲ್ಲಿ ಮಹಾಕೂಟದ ಹಳ್ಳದ ಹತ್ತಿರ ಆ ಚೂರಿನ ಗಂಟನ್ನು ಬಿಸಾಕಿ ಬಂದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅವ್ವ ನನ್ನ ಜೊತೆ ಮಾತು ಬಿಟ್ಟಳು. ಅದು ಸರಿಯೇ. ನಾನು ಹೆದರಿದ್ದು ಹುಡುಗಿಗೆ. ಅವಳು ಒಂದು ದಿನ ಮಧ್ಯಾಹ್ನ ಬಂದಳು, ಒಡವೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು. ನಾನು ಕೆಂಡದ ಮುಂದೆ ಕೂತಿದ್ದೆ. ಗಂಟನ್ನು ನನ್ನ ಪಕ್ಕದಲ್ಲಿಟ್ಟಳು. ಅಳುತ್ತಿರಲಿಲ್ಲ. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ಮಗ್ಗದ ಲೆಕ್ಕ ಕೇಳುವ ಹಾಗೆ ಕೇಳಿದಳು.

"ಸುಮ್ಮನಿದ್ದಿದ್ರ ನಿನ್ನ ಗಂಟ ಏನ ಹೋಗತಿತ್ತ, ಚಿಗವ್ವ?"

ತಪ್ಪಾಯಿತು ಮಗಳೇ ಅನ್ನಬೇಕಿತ್ತು. ನಾಲಿಗೆಯ ತುದಿಯವರೆಗೆ ಬಂತು. ಆದರೆ ನನ್ನಲ್ಲಿ ಹಟಮಾರಿಯೊಬ್ಬಳಿದ್ದಾಳೆ, ಹಾಳಾದವಳು. ಆ ಸೋದರತ್ತೆ ನನ್ನ ಕೈಯನ್ನೇ ಇಲ್ಲ ಅಂದಳಲ್ಲ, ನಾನು ಸುಮ್ಮನಿರಬೇಕಿತ್ತೇ ಅಂತ ಅವಳು ಒಳಗೇ ವಾದ ಮಾಡುತ್ತಿದ್ದಳು. ನಾನು ಕೆಂಡ ಕೆದಕಿದೆ. ಹುಡುಗಿ ಗೂಡಿನಲ್ಲಿದ್ದ ಎತ್ತು, ಕುದುರೆ, ನವಿಲು ನೋಡಿದಳು. ಆಮೇಲೆ ಹೋದಳು. ರೇಷ್ಮೆ ಎಳೆಯ ಗಂಟು ತರುವುದು ಅಂದಿಗೆ ನಿಂತಿತು.

ಆಮೇಲೆ ನಾನು ಕೆಲಸ ಬಿಟ್ಟೆ ಅಂದುಕೊಳ್ಳಬೇಡಿ. ಬಿಡಲಿಲ್ಲ. ಬಿಟ್ಟಿದ್ದರೆ ಈ ಕಥೆಗೆ ಒಂದು ಮರ್ಯಾದೆ ಇರುತ್ತಿತ್ತೇನೋ. ನಾಲ್ಕು ಮನೆಗಳು ನನ್ನಿಂದ ಬಳೆ ತೊಡಿಸಿಕೊಳ್ಳುವುದನ್ನು ಬಿಟ್ಟವು, ಉಳಿದವು ಎರಡು ವರ್ಷದಲ್ಲಿ ಮರೆತವು. ಜನ ಮರೆಯುತ್ತಾರೆ. ಹುಡುಗಿಯ ಹೆಸರಿಗೆ ಹತ್ತಿದ್ದನ್ನು ಮಾತ್ರ ಮರೆಯಲಿಲ್ಲ. ಸಂಬಂಧ ನೋಡಲು ಬಂದವರು ಇಳಕಲ್ಲಿನಲ್ಲಿ ಯಾರನ್ನು ವಿಚಾರಿಸಿದರೂ, ಆ ಒಡೆದ ಬಳೆಯ ಹುಡುಗಿಯೇನು ಅನ್ನುತ್ತಿದ್ದರು. ಬಂದವರು ಬಂದ ದಾರಿ ಹಿಡಿಯುತ್ತಿದ್ದರು. ಮೂರು ವರ್ಷ ಹೀಗೇ ಹೋಯಿತು. ಅಷ್ಟರಲ್ಲಿ ಬಾದಾಮಿಯ ಹುಡುಗನ ಮದುವೆಯಾಗಿ ಮಗುವೂ ಆಗಿತ್ತು.

ಕೊನೆಗೆ ಮರೋಳದವನೊಬ್ಬನಿಗೆ ಕೊಟ್ಟರು. ಮೊದಲ ಹೆಂಡತಿ ಸತ್ತವನು, ಇಬ್ಬರು ಮಕ್ಕಳು, ತಲೆ ಅರ್ಧ ನೆರೆತಿತ್ತು. ಅವನು ಏನನ್ನೂ ಕೇಳಲಿಲ್ಲ, ಏನನ್ನೂ ವಿಚಾರಿಸಲೂ ಇಲ್ಲ. ಅದೇ ದೊಡ್ಡದು ಅಂತ ಅವ್ವ ಒಪ್ಪಿದಳು.

ನಮ್ಮಲ್ಲಿ ಒಂದೊಂದು ಮನೆಗೆ ಒಬ್ಬೊಬ್ಬ ಬಳೆಗಾರತಿ ಇರುತ್ತಾಳೆ. ಆ ಮನೆಯ ಮದುವೆಯ ಹಸಿರು ಬಳೆ ಅವಳೇ ತೊಡಿಸಬೇಕು, ಬೇರೆಯವರು ಕೈಹಾಕುವಂತಿಲ್ಲ. ಎದುರುಮನೆಗೆ ನಮ್ಮ ಅತ್ತೆ ತೊಡಿಸಿದ್ದರು, ಅವರಾದ ಮೇಲೆ ನಾನು. ಜಗಳವಾದ ಮನೆಯವರೂ ಮದುವೆಗೆ ಮಾತ್ರ ತಮ್ಮ ಬಳೆಗಾರತಿಯನ್ನೇ ಕರೆಯುತ್ತಾರೆ. ನನ್ನನ್ನೂ ಕರೆದಾರು ಅಂದುಕೊಂಡು, ಅವಳ ಅಳತೆಯ ಹಸಿರು ಬಳೆ ಎರಡು ಡಜನ್ ಆರಿಸಿ, ಒಂದೊಂದನ್ನೂ ಬೆರಳಿನ ಮೇಲೆ ತಿರುಗಿಸಿ ನೋಡಿ, ಮಲಾರ ಕಟ್ಟಿಕೊಂಡು ಬೆಳಿಗ್ಗೆಯಿಂದ ಬಾಗಿಲಲ್ಲಿ ಕೂತೆ. ಎದುರುಮನೆಯ ಕಟ್ಟೆಯ ಮೇಲೆ ಚಪ್ಪರ ಎದ್ದಿತು, ಹಂದರದ ಕೆಳಗೆ ಹೆಂಗಸರು ಓಡಾಡಿದರು. ಮಧ್ಯಾಹ್ನ ಹುನಗುಂದದ ಕಡೆಯಿಂದ ಒಂದು ಚಕ್ಕಡಿ ಬಂತು. ಅದರಿಂದ ಮಲಾರ ಹೊತ್ತ ಇನ್ನೊಬ್ಬ ಹೆಂಗಸು ಇಳಿದಳು. ಅವಳನ್ನು ಒಳಗೆ ಕರೆದೊಯ್ದರು. ನಮ್ಮ ಮನೆಯವರು, ಒಳಗೆ ಬಾ, ಎಷ್ಟು ಹೊತ್ತು ಕೂಡುತ್ತೀ ಅಂದರು. ನಾನು ಏಳಲಿಲ್ಲ.

ಮರುದಿನ ಗಂಡನ ಮನೆಗೆ ಕಳಿಸುವ ಹೊತ್ತಿಗೆ ಚಕ್ಕಡಿ ನಮ್ಮ ಬಾಗಿಲ ಮುಂದೆಯೇ ಹಾಯಬೇಕಿತ್ತು, ಬೇರೆ ದಾರಿಯಿಲ್ಲ. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಹುಡುಗಿ ಎತ್ತುಗಳನ್ನು ನಿಲ್ಲಿಸಲು ಹೇಳಿದಳು. ಅವಳ ಅವ್ವ ಬೇಡ ಅಂದದ್ದು ಕೇಳಿಸಿತು. ಆದರೂ ಅವಳು ಚಕ್ಕಡಿಯಿಂದ ಬಾಗಿ ಬಲಗೈಯನ್ನು ನನ್ನ ಕಡೆಗೆ ಚಾಚಿದಳು. ಮೂರು ವರ್ಷದಲ್ಲಿ ಮೊದಲ ಸಲ. ಏನೋ ಹೇಳಿದಳು. ಹೋಗಿಬರ್ತೇನಿ ಚಿಗವ್ವ ಅಂದಳೋ, ಬೇರೆ ಏನಾದರೂ ಅಂದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಕೇಳಿಸಿಕೊಳ್ಳಲಿಲ್ಲ. ನಾನು ಅವಳ ಕೈಯನ್ನು ಹಿಡಿದು ನೋಡುತ್ತಿದ್ದೆ. ಹೆಬ್ಬೆರಳಿನ ಬುಡದ ಹತ್ತಿರ ಉದ್ದಕ್ಕೆ ಒಂದು ಗೀರು, ರಕ್ತ ಒಣಗಿತ್ತು. ಹೆಬ್ಬೆರಳನ್ನು ಒಳಕ್ಕೆ ಮಡಿಸದೆ, ಎಣ್ಣೆ ಹಚ್ಚದೆ, ಬಳೆ ಒತ್ತಿ ಏರಿಸಿದ್ದಾಳೆ ಆ ಹುನಗುಂದದವಳು. ಅಳತೆಯೂ ಒಂದು ಸುತ್ತು ಸಣ್ಣದು. ನಾನು ತೊಡಿಸಿದ್ದರೆ ಈ ಗೀರು ಬೀಳುತ್ತಿರಲಿಲ್ಲ ಅಂತ ಮನಸ್ಸಿನಲ್ಲಿ ಅಂದುಕೊಂಡೆ, ಆ ಬಳೆಗಾರತಿಗೆ ಕೆಲಸ ಬರುವುದಿಲ್ಲ ಅಂದುಕೊಂಡೆ. ಚಕ್ಕಡಿ ಮುಂದೆ ಹೋಯಿತು, ಕೈ ನನ್ನ ಕೈಯಿಂದ ಜಾರಿತು. ಓಣಿಯ ತಿರುವು ದಾಟಿ ಹೋದ ಮೇಲೆ, ಅವಳ ಮುಖವನ್ನೇ ನಾನು ನೋಡಲಿಲ್ಲ ಅನ್ನುವುದು ನನಗೆ ನೆನಪಾಯಿತು.